ಗಾಯ ಚಿಕ್ಕದಾಯಿತು, ನೋವಿಗೆ ಸಾಕ್ಷಿ ಯಾರು?

ನಮ್ಮ ಯಾವುದೇ ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದ ಹೊರಗೆ ನಿಂತು ನೋಡಿದರೆ ಒಂದಾದರೂ ಆಸ್ಪತ್ರೆಯ ಫಲಕ ಕಣ್ಣಿಗೆ ಬೀಳುತ್ತದೆ. ಲ್ಯಾಪರೋಸ್ಕೋಪಿಯಿಂದ ಗರ್ಭಕೋಶದ ಆಪರೇಷನ್, ದೊಡ್ಡ ಗಾಯವಿಲ್ಲ, ಹೆಚ್ಚು ನೋವಿಲ್ಲ, ಬೇಗ ಮನೆಗೆ. ಈ ಮಾತಿನಲ್ಲಿ ಸುಳ್ಳೇನಿಲ್ಲ. ಹಿಂದೆ ಹೊಟ್ಟೆಯನ್ನು ಗೇಣುದ್ದ ಕೊಯ್ದು ಮಾಡುತ್ತಿದ್ದ ಕೆಲಸ ಈಗ ಅರ್ಧ, ಒಂದು ಸೆಂಟಿಮೀಟರಿನ ಮೂರು ನಾಲ್ಕು ತೂತುಗಳಲ್ಲಿ ಮುಗಿಯುತ್ತದೆ. ರಕ್ತ ಕಡಿಮೆ ಹೋಗುತ್ತದೆ, ಗಾಯ ಕೀವಾಗುವುದು ಕಡಿಮೆ, ಹೆಣ್ಣುಮಕ್ಕಳು ಬೇಗ ಎದ್ದು ಓಡಾಡುತ್ತಾರೆ. ಇದು ಕಳೆದ ಶತಮಾನದ ವೈದ್ಯಕೀಯದ ದೊಡ್ಡ ಗಳಿಕೆಗಳಲ್ಲಿ ಒಂದು.

ಆದರೆ ಆ ಫಲಕ ಇನ್ನೊಂದು ನಂಬಿಕೆಯನ್ನೂ ಸದ್ದಿಲ್ಲದೆ ನಮ್ಮೊಳಗೆ ಇಳಿಸುತ್ತದೆ. ಗಾಯ ಚಿಕ್ಕದಾದರೆ ನೋವೂ ಚಿಕ್ಕದು ಎಂಬ ನಂಬಿಕೆ. ಹೆಚ್ಚಿನವರ ಪಾಲಿಗೆ ಇದು ನಿಜ. ಕೆಲವರಿಗೆ ಮಾತ್ರ ತೂತು ಮಾಯ್ದ ಮೇಲೂ ತೊಡೆಯಲ್ಲಿ ಉರಿ, ಕಾಲಲ್ಲಿ ಜೋಮು, ಕೂತರೆ ಚುಚ್ಚುವ ನೋವು ಉಳಿದುಬಿಡುತ್ತದೆ. ಅಲ್ಲಿ ಪೆಟ್ಟು ಬಿದ್ದಿರುವುದು ನರಕ್ಕೆ. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಸ್ಕ್ಯಾನಿನಲ್ಲೂ ಸಾಮಾನ್ಯವಾಗಿ ಕಾಣುವುದಿಲ್ಲ. ಹೊರಗೆ ತೋರಿಸಲು ಗಾಯವೂ ಇಲ್ಲ. ಹಾಗಿದ್ದಾಗ ಆ ನೋವನ್ನು ಯಾರು ನಂಬಬೇಕು, ಯಾವುದರ ಆಧಾರದ ಮೇಲೆ? ವೈದ್ಯಕೀಯದ ಸಾಮಾಜಿಕ ಇತಿಹಾಸವನ್ನು ಓದುತ್ತಿರುವ ನನಗೆ ಎರಡು ಮೂರು ವರ್ಷಗಳಿಂದ ಕಾಡುತ್ತಿರುವ ಪ್ರಶ್ನೆ ಇದು. ಇದಕ್ಕೊಂದು ಇತಿಹಾಸವಿದೆ. ಅದು ಶುರುವಾಗುವುದು ಗಾಯ ದೊಡ್ಡದಾಗಿದ್ದ ಕಾಲದಲ್ಲಿ.

ಅಮೆರಿಕದ ಅಂತರ್ಯುದ್ಧದ ದಿನಗಳು. ಫಿಲಡೆಲ್ಫಿಯಾದ ಟರ್ನರ್ಸ್ ಲೇನ್ ಎಂಬಲ್ಲಿದ್ದ ಸೇನಾ ಆಸ್ಪತ್ರೆಗೆ ನರಗಳಿಗೆ ಗುಂಡು ತಗುಲಿದ ಸೈನಿಕರನ್ನು ತಂದು ಮಲಗಿಸುತ್ತಿದ್ದರು. ಸೈಲಸ್ ವೈರ್ ಮಿಚೆಲ್, ಜಾರ್ಜ್ ಮೋರ್‌ಹೌಸ್, ವಿಲಿಯಂ ಕೀನ್ ಎಂಬ ಮೂವರು ವೈದ್ಯರು ಅವರನ್ನು ಹತ್ತಿರದಿಂದ ನೋಡಿ 1864ರಲ್ಲಿ ಒಂದು ಪುಸ್ತಕ ಬರೆದರು. ನರದ ಪೆಟ್ಟಿನ ಬಗ್ಗೆ ಇಂದಿಗೂ ಹೆಸರಿಸುವ ಪುಸ್ತಕ ಅದು. ಗಾಯ ಮಾಯ್ದ ಮೇಲೂ ಅಂಗೈ ಬೆಂಕಿಯಂತೆ ಉರಿಯುತ್ತಿದ್ದ ಸೈನಿಕರಿದ್ದರು. ಸದಾ ಒದ್ದೆ ಬಟ್ಟೆ ಸುತ್ತಿಕೊಂಡಿರುತ್ತಿದ್ದವರು, ಒಣ ಕಾಲು ಉಜ್ಜಿದರೆ ತಾಳಲಾರೆ ಎಂದು ಬೂಟಿನೊಳಗೆ ನೀರು ಹೊಯ್ದುಕೊಳ್ಳುತ್ತಿದ್ದವರು ಅವರಲ್ಲಿದ್ದರು. ಮಿಚೆಲ್ ಇದನ್ನೆಲ್ಲ ಒಂದೊಂದಾಗಿ ಬರೆದಿಟ್ಟ. ಮುಂದೆ ಈ ಉರಿನೋವಿಗೆ 'ಕಾಸಾಲ್ಜಿಯಾ' ಎಂಬ ಹೆಸರನ್ನೂ ಬಳಕೆಗೆ ತಂದ. ಕಾವು ಮತ್ತು ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿದ ಹೆಸರದು. ಸೈನಿಕ ಹೇಳಿದ 'ಉರಿ'ಯೇ ರೋಗದ ಹೆಸರಾಯಿತು.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಇದೇ ಮಿಚೆಲ್ ಬೇರೊಂದು ಕಾರಣಕ್ಕೆ ಗೊತ್ತು. ಯುದ್ಧ ಮುಗಿದ ಮೇಲೆ ಅವನು ಹೆಸರಾದದ್ದು 'ವಿಶ್ರಾಂತಿ ಚಿಕಿತ್ಸೆ'ಗೆ. ಸುಸ್ತು, ಬೆನ್ನುನೋವು, ನಿದ್ರೆ ಇಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ ಎಂದು ಬರುತ್ತಿದ್ದ ಹೆಂಗಸರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿ, ಮನೆಯವರಿಂದ ದೂರವಿಟ್ಟು, ಹಾಲು ಮತ್ತು ಕೊಬ್ಬಿನ ಆಹಾರ ತಿನ್ನಿಸಿ, ಓದು ಬರಹ ಬಿಡಿಸುವ ಚಿಕಿತ್ಸೆ ಅದು. 1887ರಲ್ಲಿ ಈ ಚಿಕಿತ್ಸೆಗೆ ಒಳಗಾದ ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ 'ದ ಯೆಲ್ಲೋ ವಾಲ್‌ಪೇಪರ್' ಕಥೆಯನ್ನು ನಮ್ಮ ವಿಶ್ವವಿದ್ಯಾಲಯಗಳ ತರಗತಿಗಳಲ್ಲೂ ಪಾಠ ಮಾಡುತ್ತಾರೆ.

ಮಿಚೆಲ್‌ನನ್ನು ಕೆಟ್ಟವನೆಂದು ತೋರಿಸಲು ಇದನ್ನು ಹೇಳುತ್ತಿಲ್ಲ. ಅವನು ತನ್ನ ಕಾಲದ ದೊಡ್ಡ ವೈದ್ಯ. ನನ್ನನ್ನು ತಡೆದು ನಿಲ್ಲಿಸುವುದು ಒಬ್ಬನೇ ವೈದ್ಯ ಎರಡು ಬಗೆಯ ರೋಗಿಗಳ ಮಾತನ್ನು ಎರಡು ಬಗೆಯಲ್ಲಿ ಕೇಳಿಸಿಕೊಂಡ ರೀತಿ. ಸೈನಿಕನ ಮೈಮೇಲೆ ಗುಂಡಿನ ಗುರುತಿತ್ತು. ಹಾಗಾಗಿ ಅವನು ಹೇಳಿದ ನೋವು ನರದ ನೋವಾಯಿತು. ಹೆಂಗಸಿನ ಮೈಮೇಲೆ ತೋರಿಸಲು ಏನೂ ಇರಲಿಲ್ಲ. ಅವಳ ನೋವು ಅವಳ ಸ್ವಭಾವದ ಭಾಗವಾಯಿತು.

ಗಾಯವನ್ನು ಚಿಕ್ಕದು ಮಾಡುವ ಪ್ರಯತ್ನ ಶುರುವಾದದ್ದು ಇದಾದ ಕೆಲವೇ ವರ್ಷಗಳಲ್ಲಿ. 1901ರಲ್ಲಿ ಜರ್ಮನಿಯ ಗೇಯಾರ್ಗ್ ಕೆಲ್ಲಿಂಗ್ ಒಂದು ನಾಯಿಯ ಹೊಟ್ಟೆಗೆ ಗಾಳಿ ತುಂಬಿಸಿ, ಕೊಳವೆಯ ಮೂಲಕ ಒಳಗೆ ಇಣುಕಿ ತೋರಿಸಿದ. 1910ರಲ್ಲಿ ಸ್ವೀಡನ್ನಿನ ಯಾಕೋಬೇಯುಸ್ ಇದನ್ನು ಮನುಷ್ಯರ ಮೇಲೆ ಮಾಡಿದ್ದನ್ನು ವರದಿ ಮಾಡಿದ. ಸ್ತ್ರೀರೋಗ ಚಿಕಿತ್ಸೆಗೆ ಇದನ್ನು ಗಟ್ಟಿಯಾಗಿ ತಂದವನು ಪ್ಯಾರಿಸ್ಸಿನ ರೌಲ್ ಪಾಮರ್. ಎರಡನೆಯ ಮಹಾಯುದ್ಧದ ನಡುವೆ, 1940ರ ದಶಕದಲ್ಲಿ, ಅವನು ಬಂಜೆತನದ ಕಾರಣ ಹುಡುಕಲು ಈ ಕೊಳವೆಯನ್ನು ಬಳಸತೊಡಗಿದ. ರೋಗಿಯ ತಲೆಯನ್ನು ಕೆಳಗೆ, ಸೊಂಟವನ್ನು ಮೇಲೆ ಬರುವಂತೆ ಮೇಜನ್ನು ವಾಲಿಸುತ್ತಿದ್ದ. ಕರುಳು ಎದೆಯ ಕಡೆಗೆ ಜಾರಿ, ಗರ್ಭಕೋಶದ ಸುತ್ತ ಜಾಗ ಬಿಡುವಾಗುತ್ತಿತ್ತು. ಈ ಭಂಗಿ ಪಾಮರ್‌ಗಿಂತ ಹಳೆಯದು. ಜರ್ಮನಿಯ ಫ್ರೀಡ್ರಿಶ್ ಟ್ರೆಂಡೆಲೆನ್‌ಬರ್ಗ್‌ನ ಹೆಸರಿನಲ್ಲಿ 1880ರ ದಶಕದಿಂದಲೇ ಪ್ರಚಾರದಲ್ಲಿತ್ತು.

ಮುಂದೆ ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ ಹೊಟ್ಟೆಗೆ ಅನಿಲವನ್ನು ಹದವರಿತು ತುಂಬಿಸುವ ಯಂತ್ರವನ್ನೂ ಹಲವು ಉಪಕರಣಗಳನ್ನೂ ರೂಪಿಸಿದ. 1980ರಲ್ಲಿ ಅವನು ಲ್ಯಾಪರೋಸ್ಕೋಪಿನಿಂದ ಅಪೆಂಡಿಕ್ಸ್ ತೆಗೆದಾಗ ದೇಶದ ಶಸ್ತ್ರವೈದ್ಯರು ಅವನ ಮೇಲೆ ಮುಗಿಬಿದ್ದರು. 1988ರಲ್ಲಿ ಅಮೆರಿಕದ ಹ್ಯಾರಿ ರೀಚ್ ಇದೇ ದಾರಿಯಲ್ಲಿ ಗರ್ಭಕೋಶವನ್ನು ತೆಗೆದ. ಅಲ್ಲಿಂದ ಮುಂದಿನ ಕಥೆ ನಮ್ಮೂರಿನ ಫಲಕಗಳಲ್ಲೇ ಇದೆ.

ಇಷ್ಟು ಚಿಕ್ಕ ತೂತಿನಿಂದ ನರಕ್ಕೆ ಪೆಟ್ಟಾಗುವುದು ಹೇಗೆ? ಮೊದಲ ಕಾರಣ ಕತ್ತಿಯೇ ತಗುಲದ ಜಾಗದಲ್ಲಿದೆ. ಅದು ಮಲಗಿಸುವ ಭಂಗಿ. ತಲೆ ಕೆಳಗಾಗಿ ವಾಲಿಸಿದ ಮೇಜಿನ ಮೇಲೆ ಮೈ ಜಾರುತ್ತದೆ. ಜಾರದಂತೆ ಭುಜಕ್ಕೆ ಕೊಟ್ಟ ಆಸರೆಯೇ ಕತ್ತಿನಿಂದ ಕೈಗೆ ಇಳಿಯುವ ನರಗಳ ಗೊಂಚಲನ್ನು ಒತ್ತಬಹುದು. ಕಾಲುಗಳನ್ನು ಎತ್ತಿ ಕಟ್ಟಿದಾಗ ಮೊಣಕಾಲಿನ ಹೊರಬದಿಯಲ್ಲಿ, ಚರ್ಮದ ಕೆಳಗೇ ಮೂಳೆಯನ್ನು ಸುತ್ತಿ ಹೋಗುವ ನರ ಒತ್ತಿಹೋದರೆ ಪಾದ ಎತ್ತಲು ಬರದಂತಾಗುತ್ತದೆ. ತೊಡೆಯನ್ನು ಹೊಟ್ಟೆಯ ಕಡೆಗೆ ಅತಿಯಾಗಿ ಮಡಚಿದರೆ ತೊಡೆಸಂದಿಯಲ್ಲಿ ಫೀಮರಲ್ ನರ ಮುರುಟಿಕೊಳ್ಳುತ್ತದೆ. ರೋಗಿ ಎಚ್ಚರವಾಗಿದ್ದರೆ 'ಕಾಲು ಜೋಮು ಹಿಡೀತಿದೆ' ಎಂದು ಅಲುಗಾಡುತ್ತಿದ್ದಳು. ಅರಿವಳಿಕೆಯಲ್ಲಿ ಇರುವವಳು ಮೂರು ನಾಲ್ಕು ಗಂಟೆ ಹಾಗೆಯೇ ಇರುತ್ತಾಳೆ.

ಎರಡನೆಯದು ತೂತು ಕೊರೆಯುವ ಜಾಗ. ಕಿಬ್ಬೊಟ್ಟೆಯ ಗೋಡೆಯೊಳಗೆ ಇಲಿಯೋಇಂಗ್ವಿನಲ್, ಇಲಿಯೋಹೈಪೋಗ್ಯಾಸ್ಟ್ರಿಕ್ ಎಂಬ ತೆಳು ನರಗಳು ಹಾದುಹೋಗುತ್ತವೆ. ಕೆಳಬದಿಯ ತೂತೋ ಅದನ್ನು ಮುಚ್ಚುವ ಹೊಲಿಗೆಯೋ ಅವುಗಳಿಗೆ ಸಿಕ್ಕಿದರೆ ತೊಡೆಸಂದಿಯವರೆಗೆ ಉರಿ ಇಳಿಯುತ್ತದೆ. ಮೂರನೆಯದು ಒಳಗಿನ ಕತ್ತರಿ, ಶಾಖ, ಹೊಲಿಗೆ.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಸ್ತ್ರೀರೋಗ ಶಸ್ತ್ರಚಿಕಿತ್ಸೆಗಳ ಬಗೆಗಿನ ಅಧ್ಯಯನಗಳಲ್ಲಿ ನರಕ್ಕೆ ಪೆಟ್ಟಾದವರ ಪ್ರಮಾಣ ನೂರಕ್ಕೆ ಸುಮಾರು ಎರಡು. ಅವರಲ್ಲಿ ಹೆಚ್ಚಿನವರು ಕೆಲವು ವಾರ, ತಿಂಗಳುಗಳಲ್ಲಿ ಗುಣವಾಗುತ್ತಾರೆ. ಹೊಟ್ಟೆ ಕೊಯ್ಯುವ ಹಳೆಯ ವಿಧಾನದಲ್ಲೂ ಈ ಅಪಾಯ ಇದ್ದೇ ಇತ್ತು. 1943ರಲ್ಲಿ ಬ್ರಿಟನ್ನಿನ ಹರ್ಬರ್ಟ್ ಸೆಡನ್ ನರದ ಪೆಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿದ. ಒತ್ತಡದಿಂದ ತಾತ್ಕಾಲಿಕವಾಗಿ ಸುಮ್ಮನಾದ ನರ, ಹೊರಕವಚ ಉಳಿದು ಒಳಗಿನ ಎಳೆ ಹರಿದ ನರ, ಪೂರ್ತಿ ತುಂಡಾದ ನರ. ಹರಿದ ಎಳೆ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮಿಚೆಲ್‌ನ ಪುಸ್ತಕದಂತೆ ಈ ವಿಂಗಡಣೆ ಬಂದದ್ದೂ ಯುದ್ಧದ ಕಾಲದಲ್ಲೇ.

ನನ್ನ ಚಿಕ್ಕಮ್ಮನಿಗೆ ಲ್ಯಾಪರೋಸ್ಕೋಪಿಯಲ್ಲಿ ಗರ್ಭಕೋಶ ತೆಗೆದ ಮೇಲೆ ಎಡ ತೊಡೆಸಂದಿಯಲ್ಲಿ ನೋವು ಉಳಿದುಕೊಂಡಿತ್ತು. 'ಬೆಂಕಿ ಕಡ್ಡಿ ಗೀರಿದ ಹಾಗಾಗುತ್ತೆ ಕಣೇ, ಸೀರೆ ನೆರಿಗೆ ತಗುಲಿದ್ರೂ ಆಗಲ್ಲ' ಎನ್ನುತ್ತಿದ್ದರು. ಎರಡು ಸಲ ಸ್ಕ್ಯಾನ್ ಆಯಿತು. ಏನೂ ಇಲ್ಲ ಎಂದರು. ಗ್ಯಾಸ್ ಎಂದರು, ವಯಸ್ಸು ಎಂದರು, ಮುಟ್ಟು ನಿಂತ ಮೇಲೆ ಹೀಗೆಲ್ಲ ಅನ್ನಿಸುತ್ತದೆ ಎಂದರು. ಮನೆಯಲ್ಲೂ 'ಅವಳಿಗೆ ಅದೇ ಚಿಂತೆ' ಎಂಬ ಮಾತು ಹುಟ್ಟಿಕೊಂಡಿತು. ಒಂದೂವರೆ ವರ್ಷದ ಮೇಲೆ ಒಬ್ಬ ಕಿರಿಯ ವೈದ್ಯೆ ಅವರನ್ನು ಅಂಗಾತ ಮಲಗಿಸಿ, ನೋವಿರುವ ಜಾಗದ ಮೇಲೆ ಒಂದು ಬೆರಳಿಟ್ಟು, ತಲೆ ಎತ್ತಲು ಹೇಳಿದರು. ನೋವು ಹೆಚ್ಚಾಯಿತು. ಅಲ್ಲೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಾಗ ಅದೆಷ್ಟೋ ದಿನಗಳ ನಂತರ ಮೊದಲ ಸಲ ಆ ಜಾಗ ಸುಮ್ಮನಾಯಿತು.

ಆ ಬೆರಳಿನ ಪರೀಕ್ಷೆಗೆ 'ಕಾರ್ನೆಟ್ ಚಿಹ್ನೆ' ಎಂದು ಹೆಸರು. ಜಾನ್ ಕಾರ್ನೆಟ್ ಎಂಬ ಶಸ್ತ್ರವೈದ್ಯ 1926ರಲ್ಲಿ ಇದನ್ನು ವಿವರಿಸಿದ. ಅವನ ಊರೂ ಫಿಲಡೆಲ್ಫಿಯಾವೇ. ತಲೆ ಎತ್ತಿದಾಗ ಹೊಟ್ಟೆಯ ಸ್ನಾಯು ಬಿಗಿಯಾಗುತ್ತದೆ. ನೋವು ಹೊಟ್ಟೆಯ ಒಳಗಿನದಾದರೆ ಬಿಗಿದ ಸ್ನಾಯು ಅದಕ್ಕೆ ಮರೆಯಾಗಿ ನೋವು ತಗ್ಗುತ್ತದೆ. ನೋವು ಹೊಟ್ಟೆಯ ಗೋಡೆಯದೇ ಆದರೆ ಹೆಚ್ಚುತ್ತದೆ. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ, ಅರ್ಧ ನಿಮಿಷ ಸಾಕು. ಬೇಕಾದದ್ದು 'ಎಲ್ಲಿ ನೋಯುತ್ತೆ, ತೋರಿಸಿ' ಎಂಬ ಒಂದು ಪ್ರಶ್ನೆ, ಅದಕ್ಕೆ ಬಂದ ಉತ್ತರದಲ್ಲಿ ನಂಬಿಕೆ.

ಎಲ್ಲಿ ಎಂದು ಕೇಳುವುದೂ ಹೇಳುವುದೂ ಕಷ್ಟವಾದ ಜಾಗಗಳಿವೆ. ಕಟಿಯ ತಳಭಾಗದಲ್ಲಿ ಹರಡುವ ಮುಖ್ಯ ನರದ ಹೆಸರು ಪುಡೆಂಡಲ್. ನಾಚಿಕೆಪಡು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದ ಹೆಸರು. ಅಂಗರಚನೆಯ ಅಂತಾರಾಷ್ಟ್ರೀಯ ಪದಪಟ್ಟಿ 2019ರಲ್ಲಿ ಹೆಣ್ಣಿನ ಹೊರಜನನಾಂಗಕ್ಕಿದ್ದ ಇದೇ ಮೂಲದ ಹೆಸರನ್ನು ಕೈಬಿಟ್ಟಿತು. ನರಕ್ಕೆ ಮಾತ್ರ ಅದು ಹಾಗೇ ಉಳಿದಿದೆ. ಈ ನರ ಹಾದುಹೋಗುವ ಕಾಲುವೆಯನ್ನು 1830ರ ದಶಕದಲ್ಲಿ ವಿವರಿಸಿದವನು ಐರ್ಲೆಂಡಿನ ಬೆಂಜಮಿನ್ ಆಲ್ಕಾಕ್. ಕಾರ್ಕ್ ನಗರದ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದು, ಜಗಳವಾಗಿ ಕೆಲಸ ಕಳೆದುಕೊಂಡು, ಅಮೆರಿಕಕ್ಕೆ ಹೋದವನ ಸುದ್ದಿ ಮತ್ತೆ ಸಿಗಲಿಲ್ಲ. ಅವನು ಗುರುತಿಸಿದ ಕಾಲುವೆಯಲ್ಲಿ ನರ ಸಿಕ್ಕಿಹಾಕಿಕೊಂಡರೆ ಆಗುವ ನೋವನ್ನು ಪತ್ತೆ ಹಚ್ಚಲು ಫ್ರಾನ್ಸಿನ ನಾಂತ್ ನಗರದ ವೈದ್ಯರು 2008ರಲ್ಲಿ ಐದು ಅಂಶಗಳ ಮಾನದಂಡ ಪ್ರಕಟಿಸಿದರು. ನೋವು ಆ ನರದ ಹರವಿನಲ್ಲೇ ಇರಬೇಕು, ಕೂತಾಗ ಹೆಚ್ಚಬೇಕು, ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು, ಪರೀಕ್ಷೆಯಲ್ಲಿ ಸ್ಪರ್ಶ ಕಳೆದುಕೊಂಡಿರಬಾರದು, ನರಕ್ಕೆ ಚುಚ್ಚುಮದ್ದು ಕೊಟ್ಟರೆ ಶಮನವಾಗಬೇಕು. ಮೊದಲ ಮೂರು ಗೊತ್ತಾಗುವುದು ರೋಗಿ ಬಾಯಿಬಿಟ್ಟು ಹೇಳಿದಾಗ ಮಾತ್ರ.

ಆ ಮಾತು ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಾಲರಿಯ ಇತಿಹಾಸವೇ ದೊಡ್ಡ ಉದಾಹರಣೆ. ಕೆಮ್ಮಿದಾಗ, ಸೀನಿದಾಗ ಮೂತ್ರ ಜಾರುವ ತೊಂದರೆಗೆ 1996ರಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಮತ್ತು ಸಂಗಡಿಗರು ಒಂದು ಸುಲಭ ವಿಧಾನ ಪ್ರಕಟಿಸಿದರು. ಪಾಲಿಪ್ರೊಪಿಲೀನ್ ಜಾಲರಿಯ ಪಟ್ಟಿಯೊಂದನ್ನು ಯೋನಿಯ ಸಣ್ಣ ಸೀಳಿನ ಮೂಲಕ ಮೂತ್ರನಾಳದ ಕೆಳಗೆ ಇಳಿಸುವುದು. 2001ರಲ್ಲಿ ಫ್ರಾನ್ಸಿನ ದೆಲೋರ್ಮ್ ಆ ಪಟ್ಟಿಯನ್ನು ತೊಡೆಸಂದಿಯ ಕಡೆಯಿಂದ, ಅಬ್ಚುರೇಟರ್ ನರ ಹಾಯುವ ಎಲುಬಿನ ಕಿಂಡಿಯ ಮೂಲಕ ದಾಟಿಸುವ ದಾರಿ ತೋರಿಸಿದ. ಇದೇ ಜಾಲರಿಯನ್ನು ಜಾರಿದ ಗರ್ಭಕೋಶವನ್ನು ಎತ್ತಿ ನಿಲ್ಲಿಸಲೂ ಬಳಸಿದರು. ಲಕ್ಷಾಂತರ ಹೆಂಗಸರಿಗೆ ಹಾಕಲಾಯಿತು. ಹಲವರಿಗೆ ಅನುಕೂಲವೂ ಆಯಿತು. ಆದರೆ ಕೆಲವರಿಗೆ ತೊಡೆಯಲ್ಲಿ, ಕಟಿಯಲ್ಲಿ ಬಿಡದ ನೋವು ಶುರುವಾಯಿತು. ಕೂರಲು, ನಡೆಯಲು, ಗಂಡನ ಜೊತೆ ಇರಲು ಆಗದಂತಾಯಿತು. ತೆಗೆಸೋಣವೆಂದರೆ ಜಾಲರಿಯ ಕಣ್ಣುಗಳೊಳಗೆ ಮಾಂಸ ಬೆಳೆದಿರುತ್ತದೆ. ಗೋಡೆಗೆ ಇಳಿದ ಅಶ್ವತ್ಥದ ಬೇರನ್ನು ಕಿತ್ತರೆ ಗೋಡೆಯೇ ಬರುವ ಹಾಗೆ.

2014ರಲ್ಲಿ ಸ್ಕಾಟ್ಲೆಂಡಿನ ಆರೋಗ್ಯ ಸಚಿವರು ಬಳಕೆ ನಿಲ್ಲಿಸಲು ಕೋರಿದರು. 2018ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ ತಡೆ ಬಿತ್ತು. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಗರ್ಭಕೋಶ ಜಾರುವುದಕ್ಕೆ ಯೋನಿಯ ಮೂಲಕ ಹಾಕುವ ಜಾಲರಿಯ ಮಾರಾಟ ನಿಲ್ಲಿಸಲು ಆದೇಶಿಸಿತು. ಬ್ರಿಟನ್ನಿನಲ್ಲಿ ಜೂಲಿಯಾ ಕಂಬರ್‌ಲೆಜ್ ನೇತೃತ್ವದ ಸಮಿತಿ ಜಾಲರಿ ಮತ್ತು ಎರಡು ಔಷಧಗಳಿಂದ ಬಾಧಿತರಾದ 700ಕ್ಕೂ ಹೆಚ್ಚು ಹೆಂಗಸರು ಹಾಗೂ ಅವರ ಕುಟುಂಬದವರ ಮಾತು ಕೇಳಿ 2020ರ ಜುಲೈ 8ರಂದು ವರದಿ ಕೊಟ್ಟಿತು. ಆ ವರದಿಯಲ್ಲಿ ಮತ್ತೆ ಮತ್ತೆ ಬರುವುದು ಒಂದೇ ಸಂಗತಿ. ಹೆಂಗಸರು ವರ್ಷಗಟ್ಟಲೆ ನೋವು ಹೇಳಿಕೊಂಡರು, ಅದನ್ನು ವಯಸ್ಸಿನದು, ಮನಸ್ಸಿನದು, ಹೆಂಗಸರಿಗೆ ಸಹಜವಾದದ್ದು ಎಂದು ತಳ್ಳಿಹಾಕಲಾಯಿತು. ಮಿಚೆಲ್‌ನ ವಿಶ್ರಾಂತಿ ಚಿಕಿತ್ಸೆ ಮರೆಗೆ ಸರಿದು ನೂರು ವರ್ಷವಾಗಿದ್ದರೂ ಅವನ ಕಾಲದ ಕಿವಿ ಇನ್ನೂ ಉಳಿದಿತ್ತು.

ನಮ್ಮಲ್ಲಿ ಈ ಕಥೆ ಬೇರೆ ರೂಪದಲ್ಲಿದೆ. ಕರ್ನಾಟಕದ ಹಳ್ಳಿಗಳಲ್ಲಿ 'ಆಪರೇಷನ್ ಆಯ್ತಾ?' ಎಂದು ಹೆಣ್ಣುಮಕ್ಕಳನ್ನು ಕೇಳಿದರೆ ಯಾವ ಆಪರೇಷನ್ ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಅದು ಸಂತಾನಹರಣ ಚಿಕಿತ್ಸೆ. ಲ್ಯಾಪರೋಸ್ಕೋಪ್ ನಮ್ಮ ಬಡ ಹೆಂಗಸರನ್ನು ಮೊದಲು ಮುಟ್ಟಿದ್ದು ಖಾಸಗಿ ಆಸ್ಪತ್ರೆಗಳ ಫಲಕಗಳಿಂದಲ್ಲ, ಸರ್ಕಾರಿ ಶಿಬಿರಗಳಿಂದ. ತೂತು ಚಿಕ್ಕದು, ಹಾಗಾಗಿ ಕೆಲಸವೂ ಚಿಕ್ಕದು ಎಂಬ ಎಣಿಕೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸಪುರ ತೋರಿಸಿತು. ಅಲ್ಲಿ ಒಂದೇ ದಿನ 83 ಹೆಂಗಸರಿಗೆ ಶಸ್ತ್ರಚಿಕಿತ್ಸೆಯಾಯಿತು, ಅವರಲ್ಲಿ 13 ಮಂದಿ ತೀರಿಕೊಂಡರು. ಅದು ನರದ ಪೆಟ್ಟಿನ ಕಥೆಯಲ್ಲ. ಆದರೆ ಅಂಥ ಸಾಲಿನಲ್ಲಿ ಮಲಗಿ ಎದ್ದುಹೋದವಳಿಗೆ ಆರು ತಿಂಗಳ ಮೇಲೆ ತೊಡೆ ಉರಿದರೆ ಅದನ್ನು ಕೇಳುವವರು, ಬರೆದಿಡುವವರು ಯಾರು? 2016ರಲ್ಲಿ ಸುಪ್ರೀಂ ಕೋರ್ಟ್ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸುವಂತೆ ಹೇಳಿತು. ಸತ್ತವರ ಲೆಕ್ಕ ನ್ಯಾಯಾಲಯದವರೆಗೆ ಹೋಯಿತು. ನೋವಿನ ಲೆಕ್ಕ ಮನೆಯೊಳಗೇ ಉಳಿಯಿತು.

ತುಮಕೂರು ಜಿಲ್ಲೆಯಲ್ಲಿ ಕ್ಷೇತ್ರಕಾರ್ಯಕ್ಕೆ ಹೋದಾಗ ಹಲವು ಹೆಂಗಸರು 'ಆಪರೇಷನ್ ಆದಾಗಿಂದ' ಎಂದೇ ಮಾತು ಶುರುಮಾಡುತ್ತಿದ್ದರು. ಅವರು ಹೇಳುವ ಎಲ್ಲ ನೋವೂ ಆಪರೇಷನ್ನಿನದಲ್ಲ, ಎಲ್ಲವೂ ನರದ್ದಲ್ಲ. ಹೊಲದ ಕೆಲಸ, ಹೆರಿಗೆಗಳು, ರಕ್ತಹೀನತೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಆದರೆ ಅವರ ಪದಗಳನ್ನು ಗಮನಿಸಬೇಕು. ಚಳುಕು, ಸೆಳೆತ, ಜೋಮು, ಉರಿ, ಸಿಡಿತ, ಮರಗಟ್ಟುವುದು, ಇರುವೆ ಹರಿದಂತೆ, ಕರೆಂಟ್ ಹೊಡೆದಂತೆ. ಒಂದನ್ನು ಇನ್ನೊಂದರ ಜಾಗದಲ್ಲಿ ಅವರು ಬಳಸುವುದಿಲ್ಲ. 'ನೋವಾ?' ಎಂದರೆ 'ನೋವಲ್ಲ, ಚಳುಕು' ಎಂದು ತಿದ್ದುತ್ತಾರೆ.

ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಮ್ಯಾಕ್‌ಗಿಲ್ ಪ್ರಶ್ನಾವಳಿ ರೋಗಿಗಳು ನೋವಿಗೆ ಬಳಸುವ 78 ಪದಗಳನ್ನು 20 ಗುಂಪುಗಳಲ್ಲಿ ಜೋಡಿಸಿದೆ. ಫ್ರಾನ್ಸಿನಲ್ಲಿ 2005ರಲ್ಲಿ ರೂಪುಗೊಂಡ ಡಿಎನ್4 ಎಂಬ ಪ್ರಶ್ನಾವಳಿ ನರದ ನೋವನ್ನು ಉಳಿದ ನೋವುಗಳಿಂದ ಬೇರ್ಪಡಿಸಲು ಹತ್ತು ಅಂಶ ನೋಡುತ್ತದೆ. ಅವುಗಳಲ್ಲಿ ಏಳು ರೋಗಿಯ ಮಾತಿನಿಂದಲೇ ಬರಬೇಕು. ಉರಿಯೇ, ಕರೆಂಟ್ ಹೊಡೆದಂತೆಯೇ, ಜೋಮೇ, ಮರಗಟ್ಟಿದೆಯೇ ಎಂದು ಅದು ಕೇಳುತ್ತದೆ. ನಮ್ಮ ಹೆಂಗಸರು ಕೇಳದೆಯೇ ಹೇಳುವ ಪದಗಳು ಇವೇ. ಕೇಸ್ ಶೀಟಿಗೆ ಬರುವ ಹೊತ್ತಿಗೆ ಅವೆಲ್ಲ 'ಪೇನ್' ಎಂಬ ಒಂದೇ ಪದವಾಗಿ, ರೋಗಪತ್ತೆಗೆ ಬೇಕಾದ ಸುಳಿವೇ ಅಳಿಸಿಹೋಗುತ್ತದೆ.

ಬದಲಾವಣೆಯ ಸೂಚನೆಗಳೂ ಇವೆ. ತೂತಿನ ಮೂಲಕ ಇಳಿದ ಕ್ಯಾಮೆರಾ ಕಟಿಯೊಳಗಿನ ನರಗಳನ್ನು ಬರಿಗಣ್ಣಿಗಿಂತ ದೊಡ್ಡದಾಗಿ ತೋರಿಸುತ್ತದೆ. ಮಾರ್ಕ್ ಪೊಸೊವರ್ ಮೊದಲಾದವರು ಈ ಶತಮಾನದಲ್ಲಿ ಅದೇ ಕ್ಯಾಮೆರಾದಿಂದ ನರಗಳನ್ನು ಗುರುತಿಸಿ ಉಳಿಸುವ, ಸಿಕ್ಕಿಕೊಂಡ ನರವನ್ನು ಬಿಡಿಸುವ ಕೆಲಸ ಬೆಳೆಸಿದ್ದಾರೆ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯಾನವನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ವ್ಯಕ್ತಿ ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂಬ ಟಿಪ್ಪಣಿಯನ್ನು ಸೇರಿಸಿತು. ಕಂಬರ್‌ಲೆಜ್ ವರದಿ ಬಂದದ್ದೂ ಅದೇ ವರ್ಷ.

ಮುಂದೊಂದು ದಿನ ನನ್ನಂಥ ಇನ್ನೊಬ್ಬ ಸಂಶೋಧಕಿ ನಮ್ಮ ಕಾಲದ ಆಸ್ಪತ್ರೆಗಳ ಕಡತ ತೆರೆದಾಗ ಅವಳಿಗೆ ಏನು ಸಿಗುತ್ತದೆ? ಟರ್ನರ್ಸ್ ಲೇನಿನ ಸೈನಿಕ ಬೂಟಿಗೆ ನೀರು ಹೊಯ್ದುಕೊಂಡದ್ದು ನೂರೈವತ್ತು ವರ್ಷಗಳ ಮೇಲೂ ನಮಗೆ ಗೊತ್ತಿದೆ, ಏಕೆಂದರೆ ಒಬ್ಬ ವೈದ್ಯ ಅದನ್ನು ಬರೆದಿಟ್ಟ. ಆಪರೇಷನ್‌ಗೆ ಮುಂಚೆ 'ನರಕ್ಕೆ ಪೆಟ್ಟಾಗಬಹುದು, ಹೀಗೆ ಹೀಗೆ ಅನ್ನಿಸಿದರೆ ತಡಮಾಡದೆ ಬನ್ನಿ' ಎಂದು ಕನ್ನಡದಲ್ಲಿ ಒಂದು ಮಾತು ಹೇಳಬಹುದು. ಬಂದಾಗ ಅವಳು ಹೇಳಿದ ಪದವನ್ನೇ, ಚಳುಕೋ ಉರಿಯೋ, ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಕೇಸ್ ಶೀಟಿನಲ್ಲಿ ಬರೆಯಬಹುದು. ಅದಕ್ಕೆ ಒಂದು ಸಾಲಿನ ಜಾಗ ಸಾಕು.